ಹಾದಿಯಂಚಿನ ಲ್ಯಾವೆಂಡರ್: ರೆಡಿಂಗ್‌ನ ಒಂದು ಮನೆಯಂಗಳದ ಪ್ರಕರಣ ಅಧ್ಯಯನ

ಇಂಗ್ಲೆಂಡಿನ ಬರ್ಕ್‌ಶೈರ್ ಕೌಂಟಿಯ ರೆಡಿಂಗ್ ನಗರದ ಹೊರವಲಯದಲ್ಲಿ, ಹೊಸ ಬಡಾವಣೆಯೊಂದರ ಮನೆಯ ಮುಂದೆ 2019ರ ಅಕ್ಟೋಬರ್‌ನಲ್ಲಿ ನೆಟ್ಟಿದ್ದ 44 ಲ್ಯಾವೆಂಡರ್ ಗಿಡಗಳಲ್ಲಿ 19 ಗಿಡಗಳು 2020ರ ಏಪ್ರಿಲ್ ಹೊತ್ತಿಗೆ ಸತ್ತಿದ್ದವು. ಉಳಿದ 25ರಲ್ಲಿ ಕೆಲವು ಗೇಣುದ್ದವಿದ್ದರೆ ಕೆಲವು ಅದರ ಎರಡರಷ್ಟು ಬೆಳೆದಿದ್ದವು. ಎಲೆಯ ಬಣ್ಣವೂ ಕೆಲವಕ್ಕೆ ಬೂದಿ, ಕೆಲವಕ್ಕೆ ಹಸಿರು. ಮನೆಯವರು ತುಮಕೂರು ಜಿಲ್ಲೆಯಿಂದ ಹೋಗಿ ಅಲ್ಲಿ ನೆಲೆಸಿದ ದಂಪತಿ. ಗೇಟಿನಿಂದ ಬಾಗಿಲವರೆಗಿನ ಆರೂವರೆ ಮೀಟರ್ ಹಾದಿಯ ಎರಡೂ ಬದಿಗೆ ಮೊಣಕಾಲೆತ್ತರವನ್ನು ಮೀರದ, ವರ್ಷವಿಡೀ ಎಲೆಯುಳ್ಳ ಅಂಚು ಇರಬೇಕೆಂಬುದು ಅವರ ಒಂದು ಅಪೇಕ್ಷೆ. ಅದೇ ಗಿಡಗಳಿಂದ ಪ್ರತಿ ಬೇಸಿಗೆಯಲ್ಲೂ ಮನೆಗೂ ಸ್ನೇಹಿತರಿಗೂ ಸಾಲುವಷ್ಟು ಹೂವಿನ ಕಟ್ಟುಗಳು ಸಿಗಬೇಕೆಂಬುದು ಇನ್ನೊಂದು.

ಮೇಲ್ನೋಟಕ್ಕೆ ಈ ಎರಡು ಅಪೇಕ್ಷೆಗಳು ಒಂದಕ್ಕೊಂದು ವಿರುದ್ಧವಾಗಿ ಕಾಣುತ್ತವೆ. ಹೂ ಕೊಯ್ದರೆ ಅಂಗಳ ಬೋಳಾಗುತ್ತದೆ, ಅಂಗಳದ ಅಂದಕ್ಕೆಂದು ಬಿಟ್ಟರೆ ಕಟ್ಟಲು ಹೂವಿಲ್ಲ ಎಂದೇ ಅನೇಕರು ಭಾವಿಸುತ್ತಾರೆ. ಗಿಡ್ಡ ತಳಿಯ ಇಂಗ್ಲಿಷ್ ಲ್ಯಾವೆಂಡರ್‌ನ ಮಟ್ಟಿಗೆ ಈ ಭಾವನೆ ಬಹುಪಾಲು ತಪ್ಪು. ಕಟ್ಟಿಗಾಗಿ ಹೂ ಕೊಯ್ಯುವ ಕೆಲಸವೂ ಗಿಡವನ್ನು ಗಿಡ್ಡವಾಗಿ ಇಡುವ ಸವರುವಿಕೆಯೂ ಅಲ್ಲಿ ಹೆಚ್ಚುಕಡಿಮೆ ಒಂದೇ ಕೆಲಸ. ಮುಂದಿನ ನಾಲ್ಕು ವರ್ಷಗಳಲ್ಲಿ ಈ ಅಂಗಳದಲ್ಲಿ ನಡೆದದ್ದು ಅದನ್ನು ತೋರಿಸಿಕೊಡುತ್ತದೆ ಎಂಬ ಕಾರಣಕ್ಕೆ ಈ ಪ್ರಕರಣವನ್ನು ವಿವರವಾಗಿ ಬರೆಯುತ್ತಿದ್ದೇನೆ.

ಗಿಡದ ಹಿನ್ನೆಲೆ

ಲಾವಂಡುಲಾ ಆಂಗುಸ್ಟಿಫೋಲಿಯಾ ಎಂಬ ಸಸ್ಯಶಾಸ್ತ್ರೀಯ ಹೆಸರಿನ ಈ ಗಿಡ ಇಂಗ್ಲೆಂಡಿನ ಮೂಲವಾಸಿಯಲ್ಲ. ಇದು ದಕ್ಷಿಣ ಫ್ರಾನ್ಸ್, ಇಟಲಿ ಮತ್ತು ಸ್ಪೇನ್ ದೇಶಗಳ ಬೆಟ್ಟಗಳ ಒಣ, ಸುಣ್ಣದಂಶವಿರುವ, ಕಲ್ಲು ತುಂಬಿದ ಇಳಿಜಾರುಗಳಲ್ಲಿ ತಾನಾಗಿ ಬೆಳೆಯುವಂಥದು. ಇಂಗ್ಲೆಂಡಿನಲ್ಲಿ ಇದರ ಕೃಷಿ ಎಷ್ಟು ಬೇರೂರಿತೆಂದರೆ, ಈಗ ದಕ್ಷಿಣ ಲಂಡನ್ನಿನೊಳಗೆ ಸೇರಿಹೋಗಿರುವ ಮಿಚಮ್ ಊರಿನಲ್ಲಿ 1749ರಲ್ಲಿ ಆರಂಭವಾದ ಪಾಟರ್ ಅಂಡ್ ಮೂರ್ ಸಂಸ್ಥೆ ಲ್ಯಾವೆಂಡರ್ ನೀರು ಮತ್ತು ಎಣ್ಣೆಗೆ ಹೆಸರಾಗಿತ್ತು. ತೋಟದ ಅಂಚಿಗೆ ಒಪ್ಪುವ ಗಿಡ್ಡ ತಳಿಗಳಲ್ಲಿ ಎರಡು ಹೆಸರುಗಳು ಎಲ್ಲ ಅಂಗಡಿಗಳಲ್ಲೂ ಕಾಣುತ್ತವೆ. ಒಂದು ‘ಮನ್‌ಸ್ಟೆಡ್’; ಸರ್ರೆ ಕೌಂಟಿಯ ಗಾಡಲ್ಮಿಂಗ್ ಬಳಿಯ ಮನ್‌ಸ್ಟೆಡ್ ವುಡ್ ಮನೆಯಲ್ಲಿದ್ದ ತೋಟ ವಿನ್ಯಾಸಕಿ ಗರ್ಟ್ರೂಡ್ ಜೀಕಲ್ ಅವರ ತೋಟದಿಂದ ಬಂದದ್ದು. ಇನ್ನೊಂದು ‘ಹಿಡ್‌ಕೋಟ್’, ಗ್ಲೌಸ್ಟರ್‌ಶೈರ್‌ನ ಹಿಡ್‌ಕೋಟ್ ಮ್ಯಾನರ್‌ನಲ್ಲಿ 1907ರಿಂದ ತೋಟ ಕಟ್ಟಿ, 1948ರಲ್ಲಿ ಅದನ್ನು ನ್ಯಾಷನಲ್ ಟ್ರಸ್ಟ್‌ಗೆ ಒಪ್ಪಿಸಿದ ಲಾರೆನ್ಸ್ ಜಾನ್‌ಸ್ಟನ್ ಅವರ ತೋಟದ ಹೆಸರನ್ನು ಹೊತ್ತದ್ದು. ಮನ್‌ಸ್ಟೆಡ್ ಸ್ವಲ್ಪ ಮುಂಚಿತವಾಗಿ ತಿಳಿನೇರಳೆ ಹೂ ಬಿಡುತ್ತದೆ. ಹಿಡ್‌ಕೋಟ್ ಗಾಢನೇರಳೆ, ಒಣಗಿದ ಮೇಲೂ ಬಣ್ಣ ಉಳಿಸಿಕೊಳ್ಳುತ್ತದೆ. ಕಟ್ಟು ಕಟ್ಟುವವರು ಇದನ್ನೇ ಕೇಳುವುದು ಆ ಕಾರಣಕ್ಕೆ. ಎರಡೂ ಹೂವಿನ ಕಡ್ಡಿ ಸೇರಿ ಅರ್ಧ ಮೀಟರ್ ಆಸುಪಾಸಿನಲ್ಲಿ ನಿಲ್ಲುತ್ತವೆ.

ನಮ್ಮ ದಂಪತಿ ಕೊಂಡದ್ದು ಹಿಡ್‌ಕೋಟ್ ಎಂಬ ಚೀಟಿಯಿದ್ದ, ಒಂಬತ್ತು ಸೆಂಟಿಮೀಟರ್ ಕುಂಡದ ಅಗ್ಗದ ಸಸಿಗಳನ್ನು. ಗಿಡಗಳು ಏಕರೂಪವಾಗಿ ಬೆಳೆಯದಿದ್ದುದಕ್ಕೆ ಉತ್ತರ ಈ ಚೀಟಿಯಲ್ಲೇ ಇತ್ತು. ತಳಿ ತಾಯಿಯಂತೆಯೇ ಬರಬೇಕಾದರೆ ಅದನ್ನು ಕಡ್ಡಿ ನೆಟ್ಟು ಬೆಳೆಸಬೇಕು. ಬೀಜದಿಂದ ಎಬ್ಬಿಸಿದ ಸಸಿಗಳು ಒಂದೊಂದು ಒಂದೊಂದು ಬಗೆ. ಆದರೂ ಮಾರುಕಟ್ಟೆಯಲ್ಲಿ ಬೀಜದ ಸಸಿಗಳೂ ಅದೇ ಹೆಸರಿನಲ್ಲಿ ಬಿಕರಿಯಾಗುತ್ತವೆ. ಹೂದೋಟದ ನಡುವೆ ಅಲ್ಲಲ್ಲಿ ನೆಡುವವರಿಗೆ ಇದರಿಂದ ನಷ್ಟವೇನೂ ಇಲ್ಲ, ಬಣ್ಣ ಎತ್ತರಗಳ ವೈವಿಧ್ಯ ಚೆಂದವೇ. ನೇರವಾದ ಅಂಚು ಬೇಕೆನ್ನುವವರಿಗೆ ಮಾತ್ರ ಅದು ಕೊನೆಯವರೆಗೂ ಕಾಡುವ ದೋಷ, ಯಾವ ಕತ್ತರಿಯಿಂದಲೂ ತಿದ್ದಲಾಗದ್ದು.

ಸಾವಿನ ಕಾರಣ

ಸತ್ತ ಗಿಡಗಳು ಎಲ್ಲಿದ್ದವು ಎಂಬುದನ್ನು ಗುರುತಿಸಿಕೊಂಡಾಗ ಒಂದು ಸಂಗತಿ ಸ್ಪಷ್ಟವಾಯಿತು. ಅಂಗಳ ಬಾಗಿಲಿನಿಂದ ಗೇಟಿನ ಕಡೆಗೆ ಸ್ವಲ್ಪ ಇಳಿಜಾರಾಗಿದೆ. ಸತ್ತ 19ರಲ್ಲಿ 15 ಗಿಡಗಳು ಗೇಟಿಗೆ ಹತ್ತಿರದ ಅರ್ಧದಲ್ಲಿದ್ದವು. ಹೊರತೆಗೆದ ಗಿಡಗಳ ಬೇರುಗಳು ಕಂದಾಗಿ ಮೆತ್ತಗಾಗಿದ್ದವು. ಬೆರಳಿನಿಂದ ಎಳೆದರೆ ಹೊರಸಿಪ್ಪೆ ಜಾರಿ ಒಳಗಿನ ದಾರದಂಥ ಎಳೆ ಮಾತ್ರ ಕೈಯಲ್ಲಿ ಉಳಿಯುತ್ತಿತ್ತು. ಬಹಳಷ್ಟು ಬೇರುಗಳು ಕುಂಡದ ಆಕಾರದ ಮುದ್ದೆಯಿಂದ ಹೊರಗೆ ಒಂದು ಅಂಗುಲವೂ ಚಾಚಿರಲಿಲ್ಲ.

ಮನೆಯ ಯಜಮಾನರು ಮೊದಲು ಚಳಿಯನ್ನು ದೂರಿದರು. ಈ ಜಾತಿಯ ಲ್ಯಾವೆಂಡರ್ ಸೊನ್ನೆಗಿಂತ ಹತ್ತು ಹನ್ನೆರಡು ಡಿಗ್ರಿ ಕೆಳಗಿನ ಚಳಿಯನ್ನೂ ತಾಳಬಲ್ಲದು. ಆ ವರ್ಷದ ಚಳಿಗಾಲವಂತೂ ಬ್ರಿಟನ್ನಿನಲ್ಲಿ ಸೌಮ್ಯವಾಗಿಯೇ ಕಳೆದಿತ್ತು. ವಿಪರೀತವಾಗಿದ್ದದ್ದು ಮಳೆ. 2020ರ ಫೆಬ್ರುವರಿ ಬ್ರಿಟನ್ನಿನ ದಾಖಲೆಯಲ್ಲಿ ಅತಿ ಹೆಚ್ಚು ಮಳೆ ಸುರಿದ ಫೆಬ್ರುವರಿ. ಎರಡನೆಯ ಸಂಶಯ ರೋಗದ ಕಡೆಗಿತ್ತು. ಇಂಗ್ಲೆಂಡಿನ ಬೆಳೆಗಾರರು ‘ಶ್ಯಾಬ್’ ಎಂದು ಕರೆಯುವ ಶಿಲೀಂಧ್ರ ರೋಗ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಲ್ಯಾವೆಂಡರ್ ಹೊಲಗಳಿಗೆ ದೊಡ್ಡ ಪೆಟ್ಟು ಕೊಟ್ಟಿತ್ತು. ಅದು ಬಂದರೆ ಒಂದೊಂದೇ ರೆಂಬೆ ಥಟ್ಟನೆ ಬಾಡುತ್ತದೆ, ಸತ್ತ ಕಾಂಡದ ಮೇಲೆ ಸಣ್ಣ ಕಪ್ಪು ಚುಕ್ಕೆಗಳು ಕಾಣುತ್ತವೆ. ಇಲ್ಲಿ ಚುಕ್ಕೆಗಳಿರಲಿಲ್ಲ, ಗಿಡಗಳು ಬುಡದಿಂದಲೇ ಒಟ್ಟಾಗಿ ಬೂದಿ ತಿರುಗಿದ್ದವು. ಕೊಳೆತ ಬೇರಿನಲ್ಲಿ ಫೈಟಾಫ್ತೊರಾ ಎಂಬ, ಬೇರು ಕೊಳೆಸುವ ಸೂಕ್ಷ್ಮಜೀವಿ ಸೇರಿಕೊಂಡಿದ್ದಿರಬಹುದು. ಪ್ರಯೋಗಾಲಯಕ್ಕೆ ಕಳಿಸಿ ನೋಡಲಿಲ್ಲ, ಏಕೆಂದರೆ ಅದು ಇದ್ದರೂ ಇಲ್ಲದಿದ್ದರೂ ಮಾಡಬೇಕಾದ ಕೆಲಸ ಒಂದೇ ಆಗಿತ್ತು.

ಆ ಕೆಲಸವನ್ನು ತೋರಿಸಿದ್ದು ಒಂದು ಗುಂಡಿ. ಗೇಟಿನ ಬಳಿ ಒಂದು ಅಡಿ ಆಳದ ಗುಂಡಿ ತೋಡಿ, ತುಂಬ ನೀರು ಹೊಯ್ದು ಬಿಡಲಾಯಿತು. ಮರುದಿನ ಬೆಳಿಗ್ಗೆಯೂ ಅರ್ಧ ಗುಂಡಿ ನೀರು ನಿಂತೇ ಇತ್ತು. ಮೇಲೆ ನಾಲ್ಕು ಬೆರಳಿನಷ್ಟು ಹೊರಗಿನಿಂದ ತಂದು ಹರವಿದ ಮಣ್ಣು, ಅದರ ಕೆಳಗೆ ಮನೆ ಕಟ್ಟುವಾಗ ಯಂತ್ರಗಳು ತುಳಿದು ಗಟ್ಟಿ ಮಾಡಿದ ಹಳದಿ ಜೇಡಿ. ಆ ಜೇಡಿಯಲ್ಲಿ ಗಿಡಕ್ಕೊಂದು ಗುಂಡಿ ತೋಡಿ, ಒಳಗೆ ಚೀಲದ ಗೊಬ್ಬರ ತುಂಬಿ ನೆಟ್ಟಿದ್ದರಿಂದ ಪ್ರತಿ ಗುಂಡಿಯೂ ಸುತ್ತಲ ನೀರನ್ನು ತನ್ನೊಳಗೆ ಬಸಿದುಕೊಂಡು ಹಿಡಿದಿಡುವ ತೊಟ್ಟಿಯಾಗಿತ್ತು. ಇದರ ಮೇಲೆ ಮರದ ತೊಗಟೆಯ ಚೂರುಗಳ ದಪ್ಪ ಹೊದಿಕೆ ಬೇರೆ, ಗಿಡದ ಕತ್ತಿನವರೆಗೆ. ಬಯಲುಸೀಮೆಯಲ್ಲಿ ಗಿಡ ಉಳಿಸಿಕೊಳ್ಳಲು ಕಲಿತ ಪಾಠಗಳೆಲ್ಲ, ಎಂದರೆ ಗುಂಡಿ ತುಂಬ ಗೊಬ್ಬರ, ಬುಡಕ್ಕೆ ಹೊದಿಕೆ, ತೇವ ಆರದಂತೆ ನೀರು, ಇಲ್ಲಿ ಒಂದೊಂದಾಗಿ ಗಿಡದ ವಿರುದ್ಧ ಕೆಲಸ ಮಾಡಿದ್ದವು. ನೆಟ್ಟ ಕಾಲವೂ ಸರಿಯಿರಲಿಲ್ಲ. ಅಕ್ಟೋಬರ್‌ನಲ್ಲಿ ನೆಟ್ಟ ಎಳೆಯ ಸಸಿ ಬೇರು ಬಿಡುವ ಮೊದಲೇ ತಣ್ಣನೆಯ ಹಸಿ ಮಣ್ಣಿನಲ್ಲಿ ಐದು ತಿಂಗಳು ಕೂರಬೇಕಾಗುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ, ಮಣ್ಣು ಬೆಚ್ಚಗಾಗುವಾಗ ನೆಡುವುದು ಅಲ್ಲಿನ ವಾಡಿಕೆ.

ಮುಂದಿದ್ದ ದಾರಿಗಳು

ಮೂರು ಆಯ್ಕೆಗಳ ಬಗ್ಗೆ ಮಾತಾಯಿತು. ಸತ್ತ ಜಾಗಕ್ಕೆ ಹೊಸ ಸಸಿ ತುಂಬುವುದನ್ನು ತಕ್ಷಣ ಕೈಬಿಡಲಾಯಿತು. ಅದು ಅದೇ ತೊಟ್ಟಿಗೆ ಮತ್ತೊಂದು ಗಿಡವನ್ನು ಇಳಿಸಿದಂತೆ. ಎರಡನೆಯದು ಲ್ಯಾವಂಡಿನ್ ಎಂಬ ಮಿಶ್ರತಳಿಯ ಗಿಡಗಳನ್ನು, ಅದರಲ್ಲೂ ‘ಗ್ರೋಸೊ’ವನ್ನು ತರುವುದು. ಅದರ ಹೂಕಡ್ಡಿ ಉದ್ದ, ಇಳುವರಿ ಹೆಚ್ಚು, ಕಟ್ಟು ದೊಡ್ಡದು. ಆದರೆ ಗಿಡ ಹಿಡ್‌ಕೋಟ್‌ಗಿಂತ ಬಹಳ ಅಗಲಕ್ಕೆ ಹರಡುತ್ತದೆ, ವಾಸನೆಯಲ್ಲಿ ಕರ್ಪೂರದ ಖಾರ ಇರುತ್ತದೆ. 1.2 ಮೀಟರ್ ಅಗಲದ ಹಾದಿಯ ಎರಡೂ ಬದಿಗೆ ಅದನ್ನು ನೆಟ್ಟರೆ ಮೂರನೆಯ ವರ್ಷಕ್ಕೆ ಅಂಚೆಯವನು ಒಳಬರಲು ತೋಳು ಮಡಚಿಕೊಳ್ಳಬೇಕಾಗುತ್ತಿತ್ತು. ಮೂರನೆಯದು, ಮಡಿಯನ್ನೇ ಎತ್ತರಿಸಿ, ಕಡ್ಡಿಯಿಂದ ಬೆಳೆಸಿದ ನಿಜವಾದ ಹಿಡ್‌ಕೋಟ್ ಗಿಡಗಳನ್ನು ಮುಂದಿನ ವಸಂತದಲ್ಲಿ ನೆಡುವುದು. ಒಂದು ವರ್ಷ ಕಾಯಬೇಕೆಂಬುದೊಂದೇ ಇದರ ತೊಡಕು. ಮನೆಯೊಡತಿ ಕಾಯಲು ಒಪ್ಪಿದರು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಜೇಡಿಮಣ್ಣಿಗೆ ಮರಳು ಬೆರೆಸಿದರೆ ನೀರು ಇಳಿಯುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ಸ್ವಲ್ಪ ಮರಳನ್ನು ಜೇಡಿಗೆ ಕಲಸಿದಾಗ ಆಗುವುದು ಇಟ್ಟಿಗೆಗೆ ಹದವಾದ ಮಣ್ಣು. ನಿಜವಾಗಿ ವ್ಯತ್ಯಾಸವಾಗಬೇಕಾದರೆ ಮಣ್ಣಿಗೆ ಸರಿಸಮನಾಗುವಷ್ಟು ಒರಟು ಗರಸು ಬೇಕು, ಅಷ್ಟು ಗರಸನ್ನು ಜೇಡಿಯೊಳಗೆ ಅಗೆದು ಕಲಸುವುದು ಮನೆಮಂದಿಯ ಕೈಯಲ್ಲಿ ಆಗುವ ಕೆಲಸವಲ್ಲ. ಆದ್ದರಿಂದ ಜೇಡಿಯನ್ನು ಅದರ ಪಾಡಿಗೆ ಬಿಟ್ಟು, ಹಾರೆಯಿಂದ ಮೇಲ್ಮೈಯನ್ನು ಮಾತ್ರ ಒಡೆದು, ಅದರ ಮೇಲೆ ಅರವತ್ತು ಸೆಂಟಿಮೀಟರ್ ಅಗಲ, 25 ಸೆಂಟಿಮೀಟರ್ ಎತ್ತರದ ಏರುಮಡಿ ಕಟ್ಟಲಾಯಿತು. ಎರಡು ಪಾಲು ಸಾಧಾರಣ ತೋಟದ ಮಣ್ಣಿಗೆ ಒಂದು ಪಾಲು ಒರಟು ಗರಸು, ಗೊಬ್ಬರ ಇಲ್ಲ. ಗೇಟಿನ ತುದಿಯಲ್ಲಿ ನೀರು ಹೊರಹೋಗಲು ಜಲ್ಲಿ ತುಂಬಿದ ಕಿರುಕಾಲುವೆ. ಮಣ್ಣಿನ ರಸಸಾರ 7ರ ಆಸುಪಾಸಿನಲ್ಲಿದ್ದುದರಿಂದ ಸುಣ್ಣ ಹಾಕಬೇಕಾಗಿ ಬರಲಿಲ್ಲ.

ಕಡ್ಡಿ ನೆಟ್ಟದ್ದು

ಕೋವಿಡ್ ನಿರ್ಬಂಧದಲ್ಲಿ ಮುಚ್ಚಿದ್ದ ನರ್ಸರಿಗಳು ತೆರೆದ ಮೇಲೆ, 2020ರ ಜೂನ್‌ನಲ್ಲಿ, ಕಡ್ಡಿಯಿಂದಲೇ ಬೆಳೆಸಿದ ಆರು ಹಿಡ್‌ಕೋಟ್ ಗಿಡಗಳನ್ನು ತಾಯಿಗಿಡಗಳಾಗಿ ತರಲಾಯಿತು. ಆಗಸ್ಟ್‌ನಲ್ಲಿ ಅವುಗಳ ಹೂವಿಲ್ಲದ ಚಿಗುರುಗಳಿಂದ ಎಂಟು ಹತ್ತು ಸೆಂಟಿಮೀಟರ್ ಉದ್ದದ 72 ಕಡ್ಡಿಗಳನ್ನು ತೆಗೆಯಲಾಯಿತು. ಬುಡ ಸ್ವಲ್ಪ ಬಲಿತು, ತುದಿ ಇನ್ನೂ ಎಳೆಯದಾಗಿರುವ ಹದ ಅದು. ಬಾಗಿಸಿದರೆ ಬಳುಕಬೇಕು, ಹೆಚ್ಚು ಬಾಗಿಸಿದರೆ ಮುರಿಯಬೇಕು. ಕೆಳಗಿನ ಅರ್ಧದ ಎಲೆಗಳನ್ನು ಬೆರಳಲ್ಲಿ ಹಿಂದಕ್ಕೆ ಸೀಟಿ ತೆಗೆದು, ಗಿಣ್ಣಿನ ಸ್ವಲ್ಪ ಕೆಳಗೆ ಚೂಪಾದ ಬ್ಲೇಡಿನಿಂದ ಕತ್ತರಿಸಿ, ಗರಸು ಮತ್ತು ಸಸಿಗೊಬ್ಬರವನ್ನು ಸಮಪಾಲು ಬೆರೆಸಿದ ಟ್ರೇಗಳಲ್ಲಿ ಊರಲಾಯಿತು. ಟ್ರೇಗಳನ್ನು ಮನೆಯ ಉತ್ತರ ಗೋಡೆಯ ನೆರಳಿನಲ್ಲಿಟ್ಟು, ಮಣ್ಣಿನ ಮೇಲ್ಪದರ ಒಣಗಿದಾಗ ಮಾತ್ರ ನೀರು ಚಿಮುಕಿಸಲಾಯಿತು. ಐದಾರು ವಾರಗಳಲ್ಲಿ 61 ಕಡ್ಡಿಗಳು ಬೇರು ಬಿಟ್ಟವು. ಸತ್ತವುಗಳಲ್ಲಿ ಹೆಚ್ಚಿನವು ಟ್ರೇಯ ಮೇಲೆ ಪಾರದರ್ಶಕ ಮುಚ್ಚಳವನ್ನು ಬಿಗಿಯಾಗಿ ಹಾಕಿದ್ದ ಒಂದೇ ಟ್ರೇಯವು. ಬೇರೆ ಗಿಡಗಳ ಕಡ್ಡಿಗೆ ಒಪ್ಪುವ ಆ ಹಬೆ, ಬೂದಿ ರೋಮದ ಈ ಎಲೆಗಳನ್ನು ಕೊಳೆಸುತ್ತದೆ.

ಚಳಿಗಾಲವನ್ನು ಸಸಿಗಳು ಸಣ್ಣ ಕುಂಡಗಳಲ್ಲಿ, ಗಾಳಿಯಾಡುವ ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಕಳೆದವು. 2021ರ ಮೇ ಮೊದಲ ವಾರದಲ್ಲಿ ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್ ಅಂತರ ಬಿಟ್ಟು, ಬದಿಗೆ 22ರಂತೆ 44 ಸಸಿಗಳನ್ನು ಏರುಮಡಿಯ ನೆತ್ತಿಯ ಮೇಲೆ ನೆಟ್ಟು, ಬುಡಕ್ಕೆ ತಿಳಿಬಣ್ಣದ ಸಣ್ಣ ಜಲ್ಲಿ ಹರಡಲಾಯಿತು. ಉಳಿದ 17 ಕುಂಡದಲ್ಲೇ ಇದ್ದವು.

ಆ ವರ್ಷದ ಜೂನ್‌ನಲ್ಲಿ ಸಸಿಗಳು ಎರಡು ಮೂರು ಕಡ್ಡಿ ಮೊಗ್ಗು ತೋರಿಸಿದಾಗ ಅವನ್ನೆಲ್ಲ ಕತ್ತರಿಸಿ ಹಾಕಬೇಕೆಂದು ಸೂಚಿಸಿದ್ದು ಮನೆಯವರಿಗೆ ಕಷ್ಟವೇ ಆಯಿತು. ಒಂದೂವರೆ ವರ್ಷ ಕಾದು, ಬಂದ ಮೊದಲ ಹೂವನ್ನೇ ಕೀಳುವುದೆಂದರೆ ಯಾರಿಗಾದರೂ ಸಂಕಟ. ಆದರೆ ಮೊದಲ ವರ್ಷ ಮೊಗ್ಗು ಕತ್ತರಿಸಿಕೊಂಡ ಗಿಡ ಬುಡದಿಂದ ಕವಲೊಡೆಯುತ್ತದೆ. ಹೂ ಹೊತ್ತ ಗಿಡ ಎರಡು ಮೂರು ರೆಂಬೆಯಲ್ಲೇ ಮೇಲಕ್ಕೆ ಹೋಗುತ್ತದೆ. ಗಿಡ್ಡ ತಳಿ ಎಂದಾಕ್ಷಣ ಅದು ತಾನಾಗಿ ಗಿಡ್ಡವಾಗಿ ಉಳಿಯುತ್ತದೆಂದು ತಿಳಿಯಬಾರದು. ತಳಿಯ ಗುಣ ಎತ್ತರಕ್ಕೊಂದು ಮಿತಿ ಹಾಕುತ್ತದೆ ಅಷ್ಟೆ. ಬುಡ ಬೋಳಾಗಿ, ನಡುವೆ ಬಾಯಿ ತೆರೆದು, ರೆಂಬೆಗಳು ನಾಲ್ಕೂ ದಿಕ್ಕಿಗೆ ಒರಗುವುದನ್ನು ತಡೆಯುವುದು ಕತ್ತರಿಯೇ.

ಕೊಯ್ಲು, ಮತ್ತು ಕಾಕಡದ ಪಾಠ

2022ರ ಮೇ ತಿಂಗಳಲ್ಲಿ ಯಜಮಾನರ ತಂದೆತಾಯಿ ಊರಿನಿಂದ ಬಂದರು. ತಂದೆ ತುಮಕೂರು ಬಳಿ ದಶಕಗಳ ಕಾಲ ಕಾಕಡ ಮತ್ತು ಸೇವಂತಿಗೆ ಬೆಳೆದವರು. ಹೂ ಯಾವ ಹದಕ್ಕೆ ಕೀಳಬೇಕೆಂದು ಅವರಿಗೆ ವಿವರಿಸುವ ಅಗತ್ಯವೇ ಬೀಳಲಿಲ್ಲ. ಕಟ್ಟಿಗಾಗಿ ಲ್ಯಾವೆಂಡರ್ ಕೊಯ್ಯಬೇಕಾದದ್ದು ತೆನೆಯ ಮೊಗ್ಗುಗಳೆಲ್ಲ ಬಣ್ಣ ತುಂಬಿಕೊಂಡು, ಕೆಳಗಿನ ಒಂದೆರಡು ಸಣ್ಣ ಹೂಗಳು ಮಾತ್ರ ಬಿರಿದಾಗ. ತೆನೆ ಪೂರ್ತಿ ಅರಳಿದ ಮೇಲೆ ಕೊಯ್ದರೆ ಒಣಗುವಾಗ ಹೂಗಳು ಕಂದಾಗಿ ಉದುರುತ್ತವೆ. ಎಣ್ಣೆಗೆ ಬೆಳೆಯುವವರು ಕಾಯುವುದು ಬೇರೆ ಹದಕ್ಕೆ, ತೆನೆಯ ಅರ್ಧದಷ್ಟು ಹೂ ಬಾಡುವವರೆಗೆ. ಕಾಕಡವನ್ನು ಮೊಗ್ಗಿನಲ್ಲೇ ಕಿತ್ತು ಮಾರುಕಟ್ಟೆಗೆ ಕಳಿಸಿದ ಕೈಗೆ ಈ ಹದ ಸಹಜವಾಗಿ ಒಗ್ಗಿತು.

ಜುಲೈ ಮೊದಲ ವಾರದ ಒಂದು ಬೆಳಿಗ್ಗೆ, ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮೊದಲು, ಬಲಬದಿಯ 22 ಗಿಡಗಳನ್ನು ಕೊಯ್ಯಲಾಯಿತು. ಎಡಬದಿಯನ್ನು ಜೇನ್ನೊಣ ದುಂಬಿಗಳಿಗೆಂದು ಬಿಡಲಾಯಿತು. ಇದು ಮನೆಯ ಮಗಳ ಹಟ. ಹಿರಿಯರು ಎಡಗೈಯಲ್ಲಿ ಒಂದು ಹಿಡಿ ಕಡ್ಡಿಗಳನ್ನು ಒಟ್ಟುಗೂಡಿಸಿ, ಹೂಕಡ್ಡಿಯ ಬುಡದಲ್ಲಿ ನಿಲ್ಲದೆ ಅದರ ಕೆಳಗಿನ ಎಲೆಯ ಚಿಗುರಿನ ಎರಡು ಬೆರಳು ಸೇರಿಸಿ, ಕುಡುಗೋಲಿನಿಂದ ಒಂದೇ ಎಳೆತಕ್ಕೆ ಕೊಯ್ಯುತ್ತಿದ್ದರು. ಇದರಲ್ಲಿ ಎರಡು ಲಾಭ. ಹಿಡ್‌ಕೋಟ್‌ನ ಹೂಕಡ್ಡಿ ಮೊದಲೇ ಗಿಡ್ಡ, ಎಲೆಯ ಭಾಗ ಸೇರಿದಾಗ ಕಟ್ಟಿಗೆ ಬೇಕಾದ ಉದ್ದ ಸಿಗುತ್ತದೆ. ಮತ್ತು ಗಿಡದ ಆ ವರ್ಷದ ಬೆಳವಣಿಗೆಯ ತುದಿ ಹೋಗುವುದರಿಂದ ಸವರುವಿಕೆಯ ಮುಕ್ಕಾಲು ಪಾಲು ಅಲ್ಲೇ ಮುಗಿಯುತ್ತದೆ. ಬರೀ ಹೂಕಡ್ಡಿಯನ್ನಷ್ಟೇ ಒಂದೊಂದಾಗಿ ಕತ್ತರಿಸುವ ನಾಜೂಕಿನವರ ಗಿಡ ವರ್ಷಕ್ಕೆರಡು ಮೂರು ಅಂಗುಲ ಎತ್ತರಿಸುತ್ತ ಹೋಗುತ್ತದೆ. ಐದನೆಯ ವರ್ಷ ಅವರು ಗಿಡ ಹಾಳಾಯಿತೆಂದು ಕಿತ್ತುಹಾಕುತ್ತಾರೆ. ಕೊಯ್ದ ಮೇಲೆ ಉಳಿದ ಏರುಪೇರನ್ನು ಅದೇ ಬೆಳಿಗ್ಗೆ ಬೇಲಿಕತ್ತರಿಯಿಂದ ಗುಮ್ಮಟದ ಆಕಾರಕ್ಕೆ ತರಲಾಯಿತು.

ಹತ್ತು ಹನ್ನೆರಡು ದಿನಗಳಲ್ಲಿ, ಜುಲೈ 19ರಂದು, ಲಿಂಕನ್‌ಶೈರ್‌ನ ಕಾನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಯಿತು. ಬ್ರಿಟನ್ 40 ಡಿಗ್ರಿ ಮುಟ್ಟಿದ್ದು ಅದೇ ಮೊದಲು. ಸುತ್ತಲ ಹುಲ್ಲುಹಾಸುಗಳೆಲ್ಲ ಒಣಹುಲ್ಲಾಗಿದ್ದವು.

“ಆಗಷ್ಟೇ ಕುಯ್ದಿರೋ ಗಿಡ ಕಣಮ್ಮ, ಒಂದೊಂದು ಚೊಂಬಾದರೂ ನೀರು ಹಾಕು,” ಎಂದರು ಹಿರಿಯರು.

“ಬೇಡ ಮಾವ, ಹೋದ ಸಲ ನೀರು ಹಾಕೇ ಕಳಕೊಂಡಿದ್ದು,” ಎಂದರು ಸೊಸೆ.

ಇಬ್ಬರ ಮಾತಿನಲ್ಲೂ ಹುರುಳಿತ್ತು. ನೆಟ್ಟ ಮೊದಲ ಬೇಸಿಗೆಯಲ್ಲಾಗಿದ್ದರೆ ವಾರಕ್ಕೊಮ್ಮೆ ನೀರು ಬೇಕೇ ಬೇಕಿತ್ತು. ಎರಡನೆಯ ಬೇಸಿಗೆಯ ಹೊತ್ತಿಗೆ ಬೇರು ಏರುಮಡಿಯನ್ನು ದಾಟಿ ಕೆಳಗಿನ ಜೇಡಿಯವರೆಗೆ ಇಳಿದಿತ್ತು. ಚಳಿಗಾಲದಲ್ಲಿ ಶತ್ರುವಾಗಿದ್ದ ಜೇಡಿ ಬಿರುಬೇಸಿಗೆಯಲ್ಲಿ ತೇವದ ಉಗ್ರಾಣವಾಯಿತು. ನೀರು ಕಾಣದೆಯೇ 44 ಗಿಡಗಳೂ ಉಳಿದವು.

ಹಿರಿಯರ ಅನುಭವ ಕೈಕೊಟ್ಟದ್ದು ಇನ್ನೊಂದೆಡೆ. ಊರಿಗೆ ಮರಳುವ ಮುನ್ನ, ಸೆಪ್ಟೆಂಬರ್‌ನಲ್ಲಿ, ಗೇಟಿನ ಪಕ್ಕದ ಒಂದು ಗಿಡ ಉಳಿದವಕ್ಕಿಂತ ಹರಡಿಕೊಂಡಿದೆಯೆಂದು ಅದನ್ನು ಅವರು ಕಾಕಡಕ್ಕೆ ಚಾಟನಿ ಮಾಡುವಂತೆ ಬುಡದಿಂದ ಗೇಣುದ್ದ ಬಿಟ್ಟು, ಎಲೆಯಿಲ್ಲದ ಕಂದು ಕಟ್ಟಿಗೆಗೆ ಇಳಿಸಿ ಕತ್ತರಿಸಿದರು. ಮಲ್ಲಿಗೆಯ ಜಾತಿ ಹಳೆಯ ಕಟ್ಟಿಗೆಯಿಂದಲೂ ಧಾರಾಳವಾಗಿ ಚಿಗುರುತ್ತದೆ, ಎಷ್ಟು ಕಡಿದರೆ ಅಷ್ಟು ಹೊಸ ರೆಂಬೆ. ಲ್ಯಾವೆಂಡರ್‌ಗೆ ಆ ಶಕ್ತಿ ಬಹುತೇಕ ಇಲ್ಲ. ಕತ್ತರಿ ನಿಂತ ಜಾಗದ ಕೆಳಗೆ ಸಣ್ಣ ಹಸಿರು ಮೊಳಕೆಗಳು ಕಣ್ಣಿಗೆ ಕಾಣುತ್ತಿರಬೇಕು, ಆ ವರ್ಷದ ಎಲೆಯ ಬೆಳವಣಿಗೆ ಒಂದು ಅಂಗುಲವಾದರೂ ಉಳಿದಿರಬೇಕು. ಆ ಗಿಡ ಮುಂದಿನ ಮೇ ತಿಂಗಳವರೆಗೂ ಹಾಗೆಯೇ ಕಡ್ಡಿಗಳ ಗೂಡಾಗಿ ನಿಂತಿತ್ತು. ಒಂದೇ ಒಂದು ರೆಂಬೆಯ ತುದಿಯಲ್ಲಿ ನಾಲ್ಕು ಎಲೆ ಬಂದು ಅದೂ ಒಣಗಿತು. ಕುಂಡದಲ್ಲಿ ಕಾದಿಟ್ಟಿದ್ದ ಸಸಿಯೊಂದು ಅದರ ಜಾಗಕ್ಕೆ ಬಂತು.

ಮಳೆಯ ಜುಲೈ

2023 ಮೂರನೆಯ ಬೇಸಿಗೆ, ಗಿಡ ಪೂರ್ಣ ಇಳುವರಿಗೆ ಬರುವ ವರ್ಷ. ಜೂನ್ ಕೊನೆಗೆ ಬಲಬದಿಯಿಂದ, ನೂರರ ಸುಮಾರು ಕಡ್ಡಿಗಳ ಇಪ್ಪತ್ತು ಕಟ್ಟುಗಳು ಬಂದವು. ಆಮೇಲೆ ಜುಲೈ ತುಂಬ ಮಳೆ. ಕೊಯ್ಯದೆ ಬಿಟ್ಟಿದ್ದ ಎಡಬದಿಯ ತೆನೆಗಳು ನೀರು ಕುಡಿದು ಭಾರವಾಗಿ ಹಾದಿಗೆ ಒರಗಿದವು, ಗಿಡಗಳು ನಡುವೆ ಸೀಳಿದಂತೆ ತೆರೆದುಕೊಂಡವು. ಆಗಸ್ಟ್ ಕೊನೆಗೆ ಅವನ್ನು ಸವರಿದರೂ ಚಳಿಗೆ ಮುನ್ನ ಚಿಗುರಲು ಕಾಲ ಸಾಲಲಿಲ್ಲ. 2024ರ ವಸಂತದಲ್ಲಿ ಎರಡೂ ಬದಿಯನ್ನು ನೋಡಿದವರಿಗೆ, ಒಂದೇ ತಾಯಿಯ ಒಂದೇ ವಯಸ್ಸಿನ ಗಿಡಗಳೆಂದು ನಂಬುವುದು ಕಷ್ಟವಾಗುತ್ತಿತ್ತು. ಎರಡು ತಿಂಗಳು ಮುಂಚೆಯೇ ಕೊಯ್ಲು ಕಂಡ ಬಲಬದಿ ಒತ್ತಾದ ಗುಮ್ಮಟಗಳ ಸಾಲು. ಎಡಬದಿಯಲ್ಲಿ ಅಲ್ಲಲ್ಲಿ ಕಂದು ಕಾಂಡ ಹಣಕುತ್ತಿತ್ತು. ಬಿಸಿಲು ಎರಡೂ ಬದಿಗೆ ಸಮ, ಮಣ್ಣೂ ಒಂದೇ. ಬೇರೆಯಾಗಿದ್ದದ್ದು ಕೊಯ್ದ ಕಾಲ ಮಾತ್ರ. ಒಂದು ಅಂಗಳದ ಅನುಭವದಿಂದ ಎಲ್ಲ ತೋಟಗಳಿಗೂ ನಿಯಮ ಹೇಳಲಾಗದು. ಆದರೆ ಮಳೆ ಗಾಳಿಯ ಊರಿನಲ್ಲಿ ಬೇಗ ಕೊಯ್ಯುವುದು ಗಿಡಕ್ಕೆ ಉಪಕಾರವೆಂದು ಹೇಳಲು ನನಗೆ ಅಳುಕಿಲ್ಲ.

ಹಾಗಾದರೆ ದುಂಬಿಗಳ ಗತಿಯೇನು ಎಂದು ಮಗಳು ಕೇಳಿದಳು. ಅದಕ್ಕೆ ಕಂಡುಕೊಂಡ ಒಪ್ಪಂದ ಇದು: ಎಡಬದಿಯ ಹೂವನ್ನು ಜುಲೈ ಮಧ್ಯದವರೆಗೆ ಬಿಟ್ಟು, ತೆನೆ ಅರ್ಧ ಬಾಡಿದೊಡನೆ ಕೊಯ್ಯುವುದು. ಆ ಹೂ ಕಟ್ಟಿಗೆ ಬಾರದು. ಒಣಗಿಸಿ ಉದುರಿಸಿ ಸಣ್ಣ ಬಟ್ಟೆಚೀಲಗಳಿಗೆ ತುಂಬಲು ಬರುತ್ತದೆ. ರೇಷ್ಮೆ ಸೀರೆಯ ಬೀರುವಿನಲ್ಲಿ ನುಸಿಗುಳಿಗೆಯ ವಾಸನೆಗಿಂತ ಅದು ಎಷ್ಟೋ ವಾಸಿ.

ಮಳೆಯ ತೊಂದರೆ ಕೊಯ್ದ ಹೂವನ್ನೂ ಬಿಡಲಿಲ್ಲ. ಹಿಂದಿನ ವರ್ಷದಂತೆ ಗ್ಯಾರೇಜಿನಲ್ಲಿ ತಲೆಕೆಳಗಾಗಿ ತೂಗುಹಾಕಿದ್ದ ದಪ್ಪ ಕಟ್ಟುಗಳಲ್ಲಿ ಎರಡು ಮೂರರ ನಡುಭಾಗಕ್ಕೆ ಬೂಷ್ಟು ಬಂದಿತ್ತು. ಉಳಿದವನ್ನು ಬಿಚ್ಚಿ ಅರವತ್ತು ಕಡ್ಡಿಗಳಿಗೆ ಇಳಿಸಿ, ಬಾಯ್ಲರ್ ಇರುವ ಬೆಚ್ಚನೆಯ ಕಪಾಟಿನ ಕತ್ತಲಲ್ಲಿ, ಬಾಗಿಲು ಸ್ವಲ್ಪ ತೆರೆದಿಟ್ಟು ಒಣಗಿಸಲಾಯಿತು. ಕತ್ತಲು ಮುಖ್ಯ, ಬೆಳಕು ಬಿದ್ದಷ್ಟೂ ನೇರಳೆ ಬೂದಿಯಾಗುತ್ತದೆ. ಕಟ್ಟಲು ದಾರಕ್ಕಿಂತ ರಬ್ಬರ್ ಬ್ಯಾಂಡ್ ಮೇಲು. ಒಣಗುತ್ತ ಕಡ್ಡಿ ಕುಗ್ಗಿದಂತೆ ದಾರದ ಕಟ್ಟು ಸಡಿಲಾಗಿ ಕಡ್ಡಿಗಳು ಜಾರಿ ಬೀಳುತ್ತವೆ, ರಬ್ಬರ್ ಜೊತೆಗೇ ಬಿಗಿಯುತ್ತದೆ. ನಡುವಿನ ಒಂದು ಕಡ್ಡಿಯನ್ನು ಎಳೆದು ಬಾಗಿಸಿದಾಗ ಪಟಕ್ಕನೆ ಮುರಿದರೆ ಒಣಗಿದೆ ಎಂದರ್ಥ. ಹಸಿಯಾಗಿ ಹೂದಾನಿಯಲ್ಲಿಡುವ ಕಟ್ಟಿಗೆ ಕಡ್ಡಿಯ ಕೆಳಗಿನ ಎಲೆ ತೆಗೆದು ನೀರು ಬದಲಿಸುತ್ತಿದ್ದರೆ ವಾರದ ಮಟ್ಟಿಗೆ ನಿಲ್ಲುತ್ತದೆ. ಉದ್ದ ಕಾಲಿನ ಗುಲಾಬಿಯ ಜೊತೆ ಸೇರಿಸುವ ಆಸೆಯನ್ನು ಮಾತ್ರ ಬಿಡಬೇಕು. ಹಿಡ್‌ಕೋಟ್‌ನ ಕಟ್ಟು ಅಂಗೈಯಲ್ಲಿ ಹಿಡಿಯುವಷ್ಟೇ. ಅಂಗಳಕ್ಕೆ ಗಿಡ್ಡ ಗಿಡ ಬೇಕೆಂದವರು ಗಿಡ್ಡ ಕಡ್ಡಿಯನ್ನೂ ಒಪ್ಪಬೇಕು.

ಕೀಟದ ಕಾಟ ಹೆಚ್ಚಿರಲಿಲ್ಲ. ಹಸಿರು ಲೋಹದ ಬಣ್ಣದ ಮೈಮೇಲೆ ನೇರಳೆ ಗೆರೆಯಿರುವ ರೋಸ್ಮರಿ ಜೀರುಂಡೆಗಳು ಶರತ್ಕಾಲದಲ್ಲಿ ಕಂಡವು. ಗಿಡದ ಕೆಳಗೆ ಹಳೆಯ ಪಂಚೆ ಹಾಸಿ, ರೆಂಬೆ ತಟ್ಟಿ, ಬಿದ್ದವನ್ನು ಆರಿಸಿ ತೆಗೆದರೆ ಸಾಕಾಯಿತು.

ಕರ್ನಾಟಕದ ಓದುಗರಿಗೆ

ಈ ವಿವರ ಓದಿ ಬೆಂಗಳೂರಿನ ಅಂಗಳದಲ್ಲಿ ಹಿಡ್‌ಕೋಟ್ ಸಾಲು ನೆಡಲು ಹೊರಡುವುದು ಬೇಡ. ಈ ಜಾತಿ ಚೆನ್ನಾಗಿ ಹೂ ಬಿಡಲು ಕೆಲವು ವಾರಗಳ ನಿಜವಾದ ಚಳಿಯೂ ಅದರ ಬೆನ್ನಿಗೆ ಬೇಸಿಗೆಯ ದೀರ್ಘ ಹಗಲೂ ಬೇಕು, ನಮ್ಮಲ್ಲಿ ಎರಡೂ ಇಲ್ಲ. ಮುಂಗಾರಿನ ತೇವವಂತೂ ಬೇರಿಗೆ ಫೆಬ್ರುವರಿಯ ರೆಡಿಂಗ್‌ಗಿಂತ ಕಠಿಣ. ನಮ್ಮ ನರ್ಸರಿಗಳಲ್ಲಿ ಲ್ಯಾವೆಂಡರ್ ಎಂದು ಸಿಗುವುದು ಸಾಮಾನ್ಯವಾಗಿ ಗರಗಸದಂಚಿನ ಎಲೆಯ ಬೇರೆ ಜಾತಿ. ಅದಕ್ಕೆ ಚಳಿ ಬೇಕಿಲ್ಲ, ಆದರೆ ಅದರ ಕಟ್ಟಿಗೆ ಈ ಪರಿಮಳವಿಲ್ಲ. ಭಾರತದಲ್ಲಿ ಇದೇ ಜಾತಿಯನ್ನು ಹೊಲದಲ್ಲಿ ಕಾಣಬೇಕಾದರೆ ಜಮ್ಮು ಪ್ರಾಂತ್ಯದ ದೋಡಾ ಜಿಲ್ಲೆಯ ಭದರ್‌ವಾಹಕ್ಕೆ ಹೋಗಬೇಕು. ಜಮ್ಮುವಿನ ಭಾರತೀಯ ಸಮಗ್ರ ಔಷಧ ಸಂಸ್ಥೆಯ ನೆರವಿನಿಂದ ಅಲ್ಲಿನ ರೈತರು ಮೆಕ್ಕೆಜೋಳದ ಹೊಲಗಳನ್ನು ಲ್ಯಾವೆಂಡರ್‌ಗೆ ತಿರುಗಿಸಿದ್ದಾರೆ. ಅವರ ಗುರಿ ಮುಖ್ಯವಾಗಿ ಎಣ್ಣೆ, ಆದ್ದರಿಂದ ಕೊಯ್ಲಿನ ಹದವೂ ಬೇರೆ.

ರೆಡಿಂಗ್‌ನ ಅಂಗಳದಲ್ಲಿ 2024ರ ಕೊಯ್ಲು ಮುಗಿದಾಗ 44ರಲ್ಲಿ 43 ಮೂಲ ಸಸಿಗಳೂ ಒಂದು ಬದಲಿ ಸಸಿಯೂ ಇದ್ದವು. ಎಡಬದಿಯ ಸೀಳಿದ ಗಿಡಗಳಲ್ಲಿ ಐದು ಮೊದಲಿನ ರೂಪಕ್ಕೆ ಮರಳುವುದು ಅನುಮಾನ. ಚೆನ್ನಾಗಿ ನೋಡಿಕೊಂಡ ಸಾಲು ಹತ್ತು ವರ್ಷದವರೆಗೆ ಅಂದ ಉಳಿಸಿಕೊಳ್ಳುತ್ತದೆಂಬ ಲೆಕ್ಕದಲ್ಲಿ ಇನ್ನೂ ಅವಕಾಶವಿದೆಯಾದರೂ, ಮನೆಯೊಡತಿ ಈಗ ಪ್ರತಿ ಆಗಸ್ಟ್‌ನಲ್ಲಿ ಬಲಬದಿಯ ಗಿಡಗಳಿಂದ ಒಂದು ಟ್ರೇ ಕಡ್ಡಿ ಊರಿಡುತ್ತಾರೆ. ಆ ಐದು ಗಿಡಗಳನ್ನು ಮುಂದಿನ ಮೇ ತಿಂಗಳಲ್ಲಿ ಕಿತ್ತು ಬದಲಿಸುವುದೆಂದು ನಿಶ್ಚಯವಾಗಿದೆ. ಕಿತ್ತ ಕೂಡಲೇ ಆ ಜಾಗದ ಮಣ್ಣನ್ನೂ ಒಂದು ಗುದ್ದಲಿ ಆಳ ತೆಗೆದು ಹೊಸ ಗರಸುಮಣ್ಣು ತುಂಬಲಾಗುವುದು.